ಗಣಕಯಂತ್ರದ ಪಾಲುಪಟ್ಟಿ

ನಮ್ಮ ತಾಯಿಯವರ ಕಡೆಗಾಲದಲ್ಲಿ ಅವರ ಮಗ್ಗುಲಲ್ಲಿ ಕುಳಿತು, ಅವರು ಹಾಡುತ್ತಿದ್ದ ಸೋಬಾನೆ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆನು. ಅವು ಒಟ್ಟು 62. ಮದ್ದೂರಿನ ನಮ್ಮ ಮನೆಗೆ ಗಣಕಯಂತ್ರ ಬಂದ ಮೇಲೆ ಅವೆಲ್ಲವನ್ನೂ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟೆನು. ಮುಂದೆ ಪುಸ್ತಕಕ್ಕೆ ಗೆದ್ದಲು ಹತ್ತಿತು. ಯಂತ್ರದಲ್ಲಿ ಇದೆಯಲ್ಲವೆಂಬ ಧೈರ್ಯದಿಂದ ಅದನ್ನು ಒಲೆಗೆ ಹಾಕಿದೆನು.

2020ನೆಯ ಇಸವಿಯ ಜನವರಿ 14ರಂದು ವಿಂಡೋಸ್ 7 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರು ಪೋಷಣೆಯನ್ನು ನಿಲ್ಲಿಸಿದರು. ಆ ವೇಳೆಗೆ ನನ್ನ ಯಂತ್ರವೂ ಏದುಸಿರು ಬಿಡುತ್ತಿತ್ತು. ಮಂಡ್ಯದ ಒಂದು ಅಂಗಡಿಗೆ ಒಯ್ದೆನು. ಅಲ್ಲಿಯ ತರುಣನು, “ಸಾರ್, ಡೇಟಾ ಏನಾದ್ರೂ ಇದೆಯಾ?” ಎಂದು ಕೇಳಿದನು. ಡೇಟಾ ಎಂದರೆ ಮೊಬೈಲಿಗೆ ಹಣ ಕೊಟ್ಟು ಹಾಕಿಸುವ ಅಂತರ್ಜಾಲವೆಂದಷ್ಟೇ ಅರಿತಿದ್ದ ನಾನು, “ಇಲ್ಲಪ್ಪ” ಎಂದುಬಿಟ್ಟೆನು. ಸಾಯಂಕಾಲದ ಹೊತ್ತಿಗೆ ಯಂತ್ರವು ಹೊಸದರಂತೆ ಓಡುತ್ತಿತ್ತು. ಅದರಲ್ಲಿ ನಮ್ಮ ತಾಯಿಯವರ ಒಂದು ಪದವೂ ಇರಲಿಲ್ಲ. ಆ ಹುಡುಗನನ್ನು ದೂರುವಂತಿಲ್ಲ, ಕೇಳಿಯೇ ಅಳಿಸಿದ್ದನು.

ಹೀಗೇಕಾಯಿತೆಂದರೆ, ಯಂತ್ರದ ಡಿಸ್ಕಿನಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಯಂತ್ರವನ್ನು ನಡೆಸುವ ವ್ಯವಸ್ಥೆ ಒಂದು, ನಾವು ಕೂಡಿಟ್ಟ ಬರಹ, ಚಿತ್ರ, ಲೆಕ್ಕಪತ್ರಗಳು ಇನ್ನೊಂದು. ಮೊದಲನೆಯದು ಕೆಟ್ಟರೆ ಮತ್ತೆ ತಂದು ಹಾಕಬಹುದು, ಎರಡನೆಯದು ಅಂಗಡಿಯಲ್ಲಿ ದೊರೆಯದು. ಆದರೆ ವಿಂಡೋಸು, ನಾವು ಬೇರೆ ಹೇಳದಿದ್ದರೆ, ಡೆಸ್ಕ್‌ಟಾಪನ್ನೂ ಡಾಕ್ಯುಮೆಂಟ್ಸನ್ನೂ ತಾನಿರುವ ‘ಸಿ’ ಎಂಬ ಭಾಗದಲ್ಲಿಯೇ ಇಡುತ್ತದೆ. ಆ ಭಾಗವನ್ನು ಒರೆಸಿದಾಗ ಎರಡೂ ಹೋಗುತ್ತವೆ. (‘ಎ’ ‘ಬಿ’ಗಳಿಲ್ಲದೆ ‘ಸಿ’ಯಿಂದಲೇ ಮೊದಲಾಗುವುದೇಕೆಂದು ನನ್ನೊಳಗಿನ ಮೇಷ್ಟರಿಗೆ ಬಹಳ ದಿನ ಕಾಡಿತ್ತು. ಆ ಎರಡಕ್ಷರಗಳು ಹಿಂದಿನ ಫ್ಲಾಪಿಗಳಿಗೆ ಮೀಸಲಾಗಿದ್ದುವಂತೆ. ಫ್ಲಾಪಿಗಳು ಹೋದರೂ ಪಂಕ್ತಿಯಲ್ಲಿ ಅವುಗಳ ಎಲೆಯನ್ನು ಯಾರೂ ತೆಗೆದಿಲ್ಲ!)

ಮಳವಳ್ಳಿಯ ಬಳಿ ಇರುವ ಅಕ್ಕನ ಮನೆಗೆ ಹೋಗಿ ಈ ನಷ್ಟವನ್ನು ಹೇಳಿಕೊಂಡೆನು. ಭಾವನವರಿಗೆ ಆಲೆಮನೆಯುಂಟು, ಗಣಕದ ಗಂಧವಿಲ್ಲ. ಎಲ್ಲವನ್ನೂ ಕೇಳಿ, “ಒಲೆ ಮಗ್ಗುಲಲ್ಲಿ ಯಾರಾದ್ರೂ ಬೆಲ್ಲ ಪೇರ್ಸಿ ಇಟ್ಕಂತಾರಾ ಮೇಷ್ಟ್ರೇ? ತರಗಿಗೆ ಕಿಡಿ ಬಿದ್ದು ಆಲೆಮನೆ ಹೋದ್ರೆ ಇನ್ನೊಂದು ಕಟ್ಟಬೈದು. ಬೆಲ್ಲ ಹೋದ್ರೆ ವರ್ಷದ ಗೇಮೆ ಹೋಯ್ತು” ಎಂದರು. ಈ ವಿಷಯದಲ್ಲಿ ನಾನು ಕೇಳಿದ ಉಪದೇಶಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದಿಲ್ಲ.

ಅಕ್ಕನ ಮಗನು ಅದೇ ವಾರ ಮದ್ದೂರಿಗೆ ಬಂದು ನನ್ನ ಡಿಸ್ಕನ್ನು ವಿಭಾಗ ಮಾಡಿಕೊಟ್ಟನು. ವಿಭಾಗವೆಂಬ ಶಬ್ದ ಕೇಳಿದೊಡನೆ ನನಗೆ ಕಲ್ಯಾಣದ ವಿಜ್ಞಾನೇಶ್ವರನ ನೆನಪಾಯಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದು, ಆಸ್ತಿಯ ಪಾಲನ್ನು ಕುರಿತು ನಾಡಿಗೆಲ್ಲ ನ್ಯಾಯ ಹೇಳಿದವನು ಅವನು. ಇಲ್ಲಿಯಾದರೋ ವ್ಯಾಜ್ಯವಿಲ್ಲ, ಸಾಕ್ಷಿ ಬೇಡ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ತೆರೆದು, ‘ಸಿ’ಯ ಮೇಲೆ ಬಲಗುಂಡಿ ಒತ್ತಿ, ‘ಶ್ರಿಂಕ್ ವಾಲ್ಯೂಮ್’ ಎಂದು ಅದನ್ನು ಕುಗ್ಗಿಸಬೇಕು. ಅಲ್ಲಿ ಕೇಳುವುದು ಎಷ್ಟನ್ನು ಬಿಡಿಸಬೇಕೆಂಬುದನ್ನು, ಅದೂ ಮೆಗಾಬೈಟಿನಲ್ಲಿ. 1024 ಮೆಗಾಬೈಟಿಗೆ ಒಂದು ಗಿಗಾಬೈಟು. ಬಿಡುವಾದ ಜಾಗದಲ್ಲಿ ‘ನ್ಯೂ ಸಿಂಪಲ್ ವಾಲ್ಯೂಮ್’ ಎಂದು ಹೊಸ ಭಾಗ ಮಾಡಿ ‘ಡಿ’ ಎಂದು ಹೆಸರಿಡಬೇಕು. ನನ್ನದು 500 ಗಿಗಾಬೈಟಿನ ಡಿಸ್ಕು. ವಿಂಡೋಸು ಅದನ್ನು 465 ಎಂದು ತೋರಿಸುತ್ತದೆ. ವ್ಯವಸ್ಥೆಗೆ 150 ಬಿಟ್ಟು ಉಳಿದುದೆಲ್ಲ ನನ್ನ ಪಾಲಿಗಾಯಿತು. ವ್ಯವಸ್ಥೆಯು ತನ್ನ ನವೀಕರಣಗಳಿಗೆ ಜಾಗ ಬೇಡುವುದರಿಂದ ಅದಕ್ಕೆ ತೀರ ಜಿಪುಣತನ ಸಲ್ಲದು. ಈ ಕೆಲಸಕ್ಕೆ ಮೊದಲು ಎಲ್ಲದರ ಒಂದು ಪ್ರತಿಯನ್ನು ಹೊರಗಿಟ್ಟುಕೊಳ್ಳುವುದು ಅವಶ್ಯ.

ಭಾಗ ಮಾಡಿದರಷ್ಟೇ ಸಾಲದೆಂಬುದನ್ನೂ ಹೇಳಬೇಕು. ಡಾಕ್ಯುಮೆಂಟ್ಸಿನ ‘ಪ್ರಾಪರ್ಟೀಸ್’ನಲ್ಲಿ ‘ಲೊಕೇಶನ್’ ಎಂಬಲ್ಲಿಗೆ ಹೋಗಿ ಅದನ್ನು ‘ಡಿ’ಗೆ ಸಾಗಿಸದಿದ್ದರೆ, ಹೊಸ ಕೋಣೆ ಬರಿದಾಗಿ ಬಿದ್ದಿದ್ದು, ಬರೆದುದೆಲ್ಲ ಮತ್ತೆ ಒಲೆಯ ಮಗ್ಗುಲಲ್ಲೇ ಕೂಡುತ್ತದೆ. ಡೆಸ್ಕ್‌ಟಾಪಿಗೂ ಹಾಗೆಯೇ.

ಅಕ್ಕನನ್ನು ಕೂಡಿಸಿಕೊಂಡು ನೆನಪಿದ್ದ ಪದಗಳನ್ನು ಹೇಳಿಸಿ ಮತ್ತೆ ಬರೆದೆನು, 41 ದೊರೆತುವು. ಈ ಸಲ ಯೂನಿಕೋಡಿನಲ್ಲಿ ಬರೆದೆನು. ಹಳೆಯ ನುಡಿ ಅಕ್ಷರಗಳು ‘ಸಿ’ಯೊಳಗೇ ನೆಲೆಸುವುದರಿಂದ, ಅವು ಅಳಿಸಿದಾಗ ಉಳಿದ ಕಡತವೂ ಕನ್ನಡವಾಗಿ ಕಾಣದೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆಯೂ ಮುಗಿಯಿತು. ನನ್ನ ಹಳೆಯ ಯಂತ್ರವು ವಿಂಡೋಸ್ 11ಕ್ಕೆ ಅರ್ಹವಲ್ಲವೆಂದು ತಿಳಿದು, ಅಕ್ಕನ ಮಗನು ‘ಸಿ’ಯನ್ನು ಅಳಿಸಿ ಅಲ್ಲಿ ಲಿನಕ್ಸ್ ಮಿಂಟ್ ಹಾಕಿದನು. ಅದು ಡಿಸ್ಕನ್ನೆಲ್ಲ ಅಳಿಸಲೇ ಎಂದೂ ಒಂದು ದಾರಿ ತೋರಿಸುತ್ತದೆ. ಅದನ್ನು ಒಪ್ಪಿದರೆ ಪಾಲುಪಟ್ಟಿಯೇ ಹರಿದಂತೆ. ಅವನು ಕೈಯಿಂದ ಮೊದಲ ಭಾಗವನ್ನಷ್ಟೇ ಆರಿಸಿದನು. ನಾನು ಕುರ್ಚಿಯ ತುದಿಯಲ್ಲಿ ಕುಳಿತಿದ್ದೆನು. ವ್ಯವಸ್ಥೆಯೇ ಬೇರೆಯಾದರೂ 41 ಪದಗಳೂ ಇದ್ದಲ್ಲಿಯೇ ಇದ್ದುವು.

ಇಷ್ಟಾದರೂ ಎರಡು ಭಾಗಗಳೂ ಒಂದೇ ಡಿಸ್ಕಿನವು. ಪಾಲಾದ ಅಣ್ಣತಮ್ಮಂದಿರಿಬ್ಬರೂ ಒಂದೇ ಸೂರಿನಡಿಯಲ್ಲಿರುವಂತೆ, ಸೂರು ಕುಸಿದರೆ ಇಬ್ಬರಿಗೂ ಅಪಾಯ. ಆದಕಾರಣ ಒಂದು ಪ್ರತಿ ಮಳವಳ್ಳಿಯಲ್ಲಿ, ಅಕ್ಕನ ಸೀರೆಯ ಪೆಟ್ಟಿಗೆಯಲ್ಲಿ, ಪೆನ್‌ಡ್ರೈವಿನೊಳಗಿದೆ. ಹೋದ ತಿಂಗಳು ಅಕ್ಕ ದೂರವಾಣಿಯಲ್ಲಿ ಇನ್ನೊಂದು ಪದದ ಮೊದಲ ಎರಡು ನುಡಿಗಳನ್ನು ಹಾಡಿದಳು. ಮೂರನೆಯದು ಇನ್ನೂ ನೆನಪಿಗೆ ಬಂದಿಲ್ಲ.