ಮರಕ್ಕೆ ನರೆ ತರುವ ಬೂಷ್ಟು

ಬೆಂಗಳೂರಿನ ಹನುಮಂತನಗರದ ರಾಮಾಂಜನೇಯ ಗುಡ್ಡದ ಸುತ್ತಲ ಅಡ್ಡರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಉಳಿದಿದೆ. ಅಂಥ ಮನೆಗಳ ಮರದ ಕಿಟಕಿಯನ್ನು ನಿಂತು ನೋಡಬೇಕು. ಸಜ್ಜೆಯ ನೆರಳಿನ ಭಾಗ ಇನ್ನೂ ಕಂದಾಗಿರುತ್ತದೆ. ಬಿಸಿಲು, ಮಳೆಗೆ ಮೈಯೊಡ್ಡಿದ ಕೆಳಭಾಗ ಬೂದಾಗಿರುತ್ತದೆ. ಒಂದೇ ಮರ, ಒಂದೇ ವಯಸ್ಸು. ಹಾಗಿದ್ದರೂ ಬಣ್ಣ ಎರಡಾದದ್ದು ಹೇಗೆ?

ಕೆಲಸ ಶುರುಮಾಡುವುದು ಬಿಸಿಲು. ಸೆಲ್ಯುಲೋಸ್ ಮರದ ನಾರಾದರೆ, ಆ ನಾರುಗಳನ್ನು ಬೆಸೆಯುವ ಅಂಟು ಲಿಗ್ನಿನ್. ಮರದ ತೂಕದಲ್ಲಿ ಅದರ ಪಾಲು ಸುಮಾರು ಕಾಲು ಭಾಗ. ಅತಿನೇರಳೆ ಕಿರಣಗಳನ್ನು ಹೀರಿದ ಲಿಗ್ನಿನ್ ಒಡೆಯುತ್ತದೆ. ಈ ಕಿರಣಗಳು ಮರದೊಳಕ್ಕೆ ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಡೆದ ಚೂರುಗಳನ್ನು ಮಳೆ ತೊಳೆದೊಯ್ದ ಮೇಲೆ ಬಿಳಿಚಿದ ನಾರು ಉಳಿಯುತ್ತದೆ.

ಆ ನಾರಿನ ಮೇಲೆ ಬಿಡಾರ ಹೂಡುವ ಜೀವಿಗಳಲ್ಲಿ ಮುಖ್ಯವಾದದ್ದು ಔರಿಯೊಬೆಸಿಡಿಯಮ್ ಪುಲ್ಯುಲಾನ್ಸ್ ಎಂಬ ಬೂಷ್ಟು ಶಿಲೀಂಧ್ರ. ಇದಕ್ಕೆ 'ಕಪ್ಪು ಯೀಸ್ಟ್' ಎಂಬ ಹೆಸರೂ ಇದೆ. ಎಲೆ, ಹಣ್ಣಿನ ಸಿಪ್ಪೆ, ಬಚ್ಚಲುಮನೆಯ ಗೋಡೆ ಎಲ್ಲವೂ ಇದರ ನೆಲೆಯೇ. ಮರದ ಮೇಲೆ ಬಿಸಿಲು ಒಡೆದಿಟ್ಟ ಲಿಗ್ನಿನ್ ಚೂರುಗಳನ್ನೂ ಸಕ್ಕರೆಗಳನ್ನೂ ತಿನ್ನುತ್ತದೆ, ಬೇಸಿಗೆಯಲ್ಲಿ ಒಣಗಿ ಸುಮ್ಮನಿರುತ್ತದೆ, ನಾಲ್ಕು ಹನಿ ಬಿದ್ದರೆ ಮತ್ತೆ ಚಿಗುರುತ್ತದೆ. ಬಿಸಿಲಿನಿಂದ ಅದನ್ನು ಕಾಯುವುದು ಮೆಲನಿನ್, ನಮ್ಮ ಕೂದಲಿಗೆ ಕಪ್ಪು ಕೊಡುವ ವರ್ಣದ್ರವ್ಯಗಳ ಬಳಗದ್ದೇ. ಕೂದಲು ಮೆಲನಿನ್ ಕಳೆದುಕೊಂಡು ನರೆಯುತ್ತದೆ; ಮರ ಈ ಬೂಷ್ಟಿನ ಮೆಲನಿನ್ ಪಡೆದು ನರೆಯುತ್ತದೆ.

ಇಷ್ಟಾದರೂ ಈ ಬೂಷ್ಟು ಮರದ ಬಲವನ್ನು ಕಸಿಯುವುದಿಲ್ಲ. ಬಿಸಿಲು ಮಳೆಗೆ ಮಿದು ಮರ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್; ಗಟ್ಟಿ ಮರ ಅದಕ್ಕಿಂತಲೂ ಕಡಿಮೆ. ನೆದರ್ಲೆಂಡ್ಸಿನಲ್ಲಿ ಅಗಸೆ ಎಣ್ಣೆ ಕುಡಿಸಿದ ಮರದ ಮೇಲೆ ಇದೇ ಶಿಲೀಂಧ್ರವನ್ನು ಬೆಳೆಸಿ, ಗಾಯವಾದರೆ ತಾನೇ ಮುಚ್ಚಿಕೊಳ್ಳುವ ಜೀವಂತ ಬಣ್ಣವಾಗಿ ಬಳಸಿದ್ದಾರೆ.

ಮರವನ್ನು ಕುಂಬಾಗಿಸುವ ಶಿಲೀಂಧ್ರಗಳೇ ಬೇರೆ. ಬಿಳಿ ಕೊಳೆಯವು ಲಿಗ್ನಿನ್ನನ್ನೂ ತಿಂದು ಮರವನ್ನು ನಾರುನಾರಾಗಿಸುತ್ತವೆ. ಕಂದು ಕೊಳೆಯವು ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಿಡುತ್ತವೆ. ಮರ ಚೌಕಚೌಕವಾಗಿ ಬಿರಿದು ಬೆರಳಲ್ಲಿ ಪುಡಿಯಾಗುತ್ತದೆ. ಎರಡಕ್ಕೂ ಬೇಕಾದದ್ದು ನೀರು. ಮರದ ತೇವ ಶೇ. 20ರ ಒಳಗಿದ್ದರೆ ಅವು ಬೆಳೆಯಲಾರವು, ಶೇ. 30ರ ಆಸುಪಾಸು ಮುಟ್ಟಿದರೆ ಹಬ್ಬ. ಆದ್ದರಿಂದಲೇ ಬೂದು ಮೈಗಿಂತ ಕೀಲುಗಳು, ಮೊಳೆಯ ತೂತು, ನೆಲ ಮುಟ್ಟುವ ಗೇಟಿನ ಬುಡ, ಬಿರುಕುಬಿಟ್ಟ ಪೇಂಟಿನ ಅಡಿ ಅಪಾಯದ ಜಾಗಗಳು. ಜೂನ್‌ನಿಂದ ನವೆಂಬರ್‌ವರೆಗೆ ಮುಂಗಾರು-ಹಿಂಗಾರು ಎರಡರಲ್ಲೂ ನೆನೆಯುವ ಬೆಂಗಳೂರಿನಲ್ಲಿ ಅಲ್ಲಿ ಸೇರಿದ ನೀರು ಬೇಗ ಆರುವುದಿಲ್ಲ.

ತೇಗದ ಕೆಚ್ಚು ಹೆಚ್ಚು ಕಾಲ ತಾಳುವುದಕ್ಕೆ ಟೆಕ್ಟೊಕ್ವಿನೋನ್‌ನಂಥ ರಾಸಾಯನಿಕಗಳು ಕಾರಣ. ಅದೇ ತೇಗದ ಹೊರಮರಕ್ಕೆ ಆ ರಕ್ಷೆ ಇಲ್ಲ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಬಾಳಿಕೆಯನ್ನೇ ಅಭ್ಯಾಸ ಮಾಡುತ್ತದೆ: ಮರದ ಗೂಟಗಳನ್ನು ಅರ್ಧ ನೆಲದಲ್ಲಿ ಹೂತು, ಕೊಳೆ, ಗೆದ್ದಲು ಎಷ್ಟು ತಿಂದಿವೆಯೆಂದು ಆಗಾಗ ಕಿತ್ತು ನೋಡುವುದು ಅದರ ಒಂದು ವಿಧಾನ.

ಮನೆಯಲ್ಲಿ ಪರೀಕ್ಷಿಸಲು ಬಡಗಿಯ ದಬ್ಬಳ ಸಾಕು. ಕೀಲಿನ ಬಳಿ ಒತ್ತಿದಾಗ ಮೊನೆ ಸಲೀಸಾಗಿ ಇಳಿದರೆ ಆ ತುಂಡು ಬದಲಿಸಬೇಕು. ಇಳಿಯದೆ ನಿಂತರೆ, ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿದಾಗ ಬೂದಿಯಂಥ ಪುಡಿ ಉದುರಿ, ಅಡಿಯಿಂದ ಅದೇ ಹಳೆಯ ಕಂದು ಮರ ಕಾಣುತ್ತದೆ.