ಯಾತ್ರಾಪಥದ ನಗರದಲ್ಲಿ ಒಂದು ರಾತ್ರಿ: ಬುರ್ಗೋಸ್‌ನ ತಂಗುದಾಣಗಳು

ಸ್ಪೇನ್ ದೇಶದ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕಾಂಪೊಸ್ತೆಲಾ ನಗರದಲ್ಲಿ ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬನಾದ ಸಂತ ಯಾಕೋಬನ ಸಮಾಧಿಯಿದೆ ಎಂಬ ನಂಬಿಕೆಯಿಂದ ಯುರೋಪಿನ ಜನ ಸಾವಿರ ವರ್ಷಗಳಿಗೂ ಮಿಕ್ಕಿ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಅವರು ತುಳಿದ ದಾರಿಗಳಿಗೆಲ್ಲ ಒಟ್ಟಾಗಿ ಕಮಿನೊ ಎಂಬ ಹೆಸರಿದೆ. ಇವುಗಳಲ್ಲಿ ಹೆಚ್ಚು ಜನ ನಡೆಯುವುದು ಪಿರೆನೀಸ್ ಪರ್ವತದ ಫ್ರಾನ್ಸ್ ಮಗ್ಗುಲಿನಿಂದ ಹೊರಟು ಉತ್ತರ ಸ್ಪೇನನ್ನು ಪೂರ್ವದಿಂದ ಪಶ್ಚಿಮಕ್ಕೆ ಹಾಯುವ ಸುಮಾರು 780 ಕಿ.ಮೀ. ಉದ್ದದ ಫ್ರೆಂಚ್ ದಾರಿಯಲ್ಲಿ. 1993ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ದಾರಿ ಬಹುಪಾಲು ಹಳ್ಳಿಗಳ ನಡುವೆಯೇ ಸಾಗುತ್ತದೆಯಾದರೂ ಪಾಂಪ್ಲೋನಾ, ಲೊಗ್ರೋನ್ಯೊ, ಬುರ್ಗೋಸ್ ಮತ್ತು ಲಿಯೋನ್ ಎಂಬ ನಾಲ್ಕು ನಗರಗಳನ್ನು ದಾಟಿಯೇ ಮುಂದೆ ಹೋಗಬೇಕು. ಹಳ್ಳಿಯಲ್ಲಿ ತಂಗುವ ಪ್ರಶ್ನೆ ಸರಳ, ಏಕೆಂದರೆ ಅಲ್ಲಿ ಇರುವುದೇ ಒಂದೆರಡು ವಸತಿಗಳು. ನಗರದಲ್ಲಿಯಾದರೋ ಆಯ್ಕೆ ನೂರಾಗುತ್ತದೆ, ಮತ್ತು ಯಾವ ಹಾಸಿಗೆಯನ್ನು ಆರಿಸಿಕೊಂಡರು ಎಂಬುದರ ಮೇಲೆ ಆ ನಗರ ಯಾತ್ರಿಕರಿಗೆ ಯಾತ್ರೆಯ ಭಾಗವಾಗಿ ಒದಗುತ್ತದೆಯೋ, ಯಾತ್ರೆಯನ್ನು ಕಡಿದುಹಾಕುವ ಅಡ್ಡಿಯಾಗುತ್ತದೆಯೋ ಎಂಬುದು ನಿಂತಿರುತ್ತದೆ. ನಾಲ್ಕರಲ್ಲಿ ಬುರ್ಗೋಸ್ ಈ ವಿಷಯವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವ ಊರು.

ಮಧ್ಯಯುಗದಲ್ಲಿ ಯಾತ್ರಿಕರು ಎಲ್ಲಿ ಮಲಗಬೇಕೆಂಬುದನ್ನು ಬಹುಮಟ್ಟಿಗೆ ನಗರವೇ ತೀರ್ಮಾನಿಸುತ್ತಿತ್ತು. ಪೂರ್ವದಿಂದ ಬರುವವರು ಕೋಟೆಗೋಡೆಯನ್ನು ಮುಟ್ಟುವ ಮೊದಲೇ, 11ನೇ ಶತಮಾನದ ಕೊನೆಯಲ್ಲಿ ಲೆಸ್ಮೆಸ್ ಎಂಬ ಫ್ರೆಂಚ್ ಸಂನ್ಯಾಸಿ ರಾಜ ಆರನೇ ಅಲ್ಫೋನ್ಸೊನ ಆಶ್ರಯದಲ್ಲಿ ಯಾತ್ರಿಕರ ಶುಶ್ರೂಷೆ ನಡೆಸಿದ ಸಂತ ಜಾನ್‌ನ ಮಠ ಸಿಗುತ್ತಿತ್ತು. ಆ ಸಂನ್ಯಾಸಿಯನ್ನೇ ಬುರ್ಗೋಸ್ ಇಂದಿಗೂ ತನ್ನ ಪಾಲಕ ಸಂತನೆಂದು ಗೌರವಿಸುತ್ತದೆ. ಊರು ದಾಟಿ ಪಶ್ಚಿಮಕ್ಕೆ ಹೊರಟವರಿಗೆ ಕ್ಯಾಥೆಡ್ರಲ್‌ನಿಂದ ಸುಮಾರು 2 ಕಿ.ಮೀ. ದೂರದಲ್ಲಿ, ಎಂಟನೇ ಅಲ್ಫೋನ್ಸೊ 12ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಒಸ್ಪಿತಾಲ್ ದೆಲ್ ರೇ, ಅಂದರೆ ರಾಜನ ಹಾಸ್ಪಿಟಲ್, ಬಾಗಿಲು ತೆರೆದಿರುತ್ತಿತ್ತು. ಅಂದಿನ ಹಾಸ್ಪಿಟಲ್ ಎಂದರೆ ಈಗಿನ ಆಸ್ಪತ್ರೆಯಲ್ಲ. ದಾರಿಹೋಕರಿಗೆ ಅನ್ನ, ಹಾಸಿಗೆ, ಕಾಯಿಲೆಯಾದರೆ ಆರೈಕೆ, ಸತ್ತರೆ ಸಂಸ್ಕಾರ, ಇಷ್ಟನ್ನೂ ಧರ್ಮಾರ್ಥವಾಗಿ ಒದಗಿಸುತ್ತಿದ್ದ, ನಮ್ಮ ಛತ್ರ ಮತ್ತು ಧರ್ಮಾಸ್ಪತ್ರೆಗಳೆರಡೂ ಒಂದಾದಂಥ ಸಂಸ್ಥೆ ಅದು. ಹರ್ಮನ್ ಕ್ಯೂನಿಗ್ ಎಂಬ ಜರ್ಮನ್ ಸಂನ್ಯಾಸಿ 1495ರಲ್ಲಿ ಪ್ರಕಟಿಸಿದ ಯಾತ್ರಾ ಕೈಪಿಡಿಯಲ್ಲಿ ಬುರ್ಗೋಸ್‌ನಲ್ಲಿ ಇಂಥ 32 ಹಾಸ್ಪಿಟಲ್‌ಗಳಿವೆಯೆಂದೂ ಅವುಗಳಲ್ಲಿ ರಾಜನದೇ ಮಿಗಿಲೆಂದೂ ಬರೆದಿದ್ದಾನೆ. ಒಂದೇ ಊರಿನ ಇಷ್ಟೊಂದು ಧರ್ಮಶಾಲೆಗಳಲ್ಲಿ ಅತಿ ದೊಡ್ಡದು ಗೋಡೆಯ ಹೊರಗೆ, ಯಾತ್ರಿಕರು ಬೆಳಿಗ್ಗೆ ಹಿಡಿಯಬೇಕಾದ ದಾರಿಯ ಮೇಲೆಯೇ ಇದ್ದುದನ್ನು ಇಂದು ವಸತಿ ಹುಡುಕುವವರೂ ಗಮನಿಸಬೇಕು, ಏಕೆಂದರೆ ಊರಿನ ವೈಭವಕ್ಕಿಂತ ಮರುದಿನದ ಹೆಜ್ಜೆಗೆ ಅನುಕೂಲವಾದ ಸ್ಥಳ ಮುಖ್ಯವೆಂಬ ತಿಳಿವಳಿಕೆ ಆ ಏರ್ಪಾಟಿನಲ್ಲಿ ಕಾಣುತ್ತದೆ. ಒಸ್ಪಿತಾಲ್ ದೆಲ್ ರೇ ಈಗ ಬುರ್ಗೋಸ್ ವಿಶ್ವವಿದ್ಯಾಲಯದ ಭಾಗವಾಗಿದೆ; ಮಗುವಿಗೆ ಹಾಲೂಡಿಸುತ್ತ ನಡೆಯುವ ತಾಯಿಯೂ ಸೇರಿದಂತೆ ಒಂದು ಯಾತ್ರಿಕ ಕುಟುಂಬವನ್ನು ಕೆತ್ತಿರುವ ಅದರ ಮರದ ಬಾಗಿಲು ಮಾತ್ರ ಕಟ್ಟಡದ ಹಳೆಯ ಉದ್ದೇಶವನ್ನು ಹೇಳುತ್ತ ನಿಂತಿದೆ. ಲಿಯೋನ್‌ನಲ್ಲಿ ಇದೇ ಬಗೆಯ ಸೇವೆಗೆ ಮೀಸಲಾಗಿದ್ದ ಸಾನ್ ಮಾರ್ಕೋಸ್ ಇಂದು ಸರ್ಕಾರಿ ಒಡೆತನದ ಐಷಾರಾಮಿ ಹೋಟೆಲಾಗಿದೆ. ಬಡ ಯಾತ್ರಿಕರಿಗಾಗಿ ಎದ್ದ ಮನೆಯ ಬಾಡಿಗೆ ಈಗ ಹೆಚ್ಚಿನ ಯಾತ್ರಿಕರಿಗೆ ನಿಲುಕುವುದಿಲ್ಲವೆಂಬುದು ನೋವಿನ ಸಂಗತಿಯೇ ಸರಿ.

ಹಳೆಯ ಹಾಸ್ಪಿಟಲ್‌ಗಳ ಜಾಗವನ್ನು ಇಂದು ತುಂಬಿರುವುದು ಆಲ್ಬೆರ್ಗೆ ಎಂಬ ಯಾತ್ರಿಕ ವಸತಿಗಳು. ಒಂದರ ಮೇಲೊಂದು ಮಂಚಗಳಿರುವ ದೊಡ್ಡ ಕೋಣೆ, ಹಲವರಿಗೆ ಒಂದೇ ಸ್ನಾನದ ಮನೆ, ಬಟ್ಟೆ ಒಗೆಯುವ ಕಲ್ಲು ಅಥವಾ ಯಂತ್ರ, ಬೂಟುಗಳಿಗೆ ಬೇರೆ ಗೂಡು, ಇಷ್ಟು ಅದರ ಸಾಮಾನ್ಯ ಸ್ವರೂಪ. ನಗರಸಭೆ, ಚರ್ಚು, ಯಾತ್ರಿಕರ ಸ್ನೇಹಸಂಘ ಅಥವಾ ಖಾಸಗಿಯವರು ಇವುಗಳನ್ನು ನಡೆಸುತ್ತಾರೆ. ನೋಡಿಕೊಳ್ಳುವವರನ್ನು ಒಸ್ಪಿತಾಲೆರೊ ಎನ್ನುತ್ತಾರೆ. ಇವರಲ್ಲಿ ಅನೇಕರು ತಾವೂ ಹಿಂದೆ ಈ ದಾರಿ ನಡೆದು, ಈಗ ಸಂಬಳವಿಲ್ಲದೆ ಸೇವೆಗೆ ಬಂದವರು. ದೊನಾತಿವೊ ಎಂಬ ಫಲಕವಿರುವ ವಸತಿಗಳಲ್ಲಿ ನಿಗದಿತ ದರವಿಲ್ಲ, ಶಕ್ತ್ಯನುಸಾರ ಕಾಣಿಕೆ ಹಾಕಬೇಕು. ಹಾಗೆಂದು ಅವು ಪುಕ್ಕಟೆಯೆಂದು ಭಾವಿಸುವುದು ಸರಿಯಲ್ಲ, ಏಕೆಂದರೆ ಇಂದಿನವರ ಕಾಣಿಕೆಯಿಂದಲೇ ನಾಳೆಯವರ ಊಟ ನಡೆಯುತ್ತದೆ. ಸಾರ್ವಜನಿಕ ಆಲ್ಬೆರ್ಗೆಯ ಪ್ರವೇಶಕ್ಕೆ ಕ್ರೆಡೆನ್ಸಿಯಲ್, ಅಂದರೆ ತಂಗಿದ ಕಡೆಯಲ್ಲೆಲ್ಲ ಮುದ್ರೆ ಒತ್ತಿಸಿಕೊಳ್ಳುವ ಯಾತ್ರಿಕರ ಗುರುತಿನ ಪುಸ್ತಿಕೆ, ಬೇಕೇ ಬೇಕು.

ಬುರ್ಗೋಸ್‌ನ ನಗರಸಭೆಯ ಆಲ್ಬೆರ್ಗೆ ಫೆರ್ನಾನ್ ಗೊನ್ಸಾಲೆಸ್ ಬೀದಿಯಲ್ಲಿ, 1221ರಲ್ಲಿ ಕಟ್ಟಲು ತೊಡಗಿದ ಗೋಥಿಕ್ ಕ್ಯಾಥೆಡ್ರಲ್‌ನ ಬೆನ್ನಿಗೇ ಇದೆ. ಕಾಸಾ ದೆ ಲೋಸ್ ಕೂಬೋಸ್ ಎಂಬ 16ನೇ ಶತಮಾನದ ಮಹಲಿನ ಮುಂಭಾಗವನ್ನು ಉಳಿಸಿಕೊಂಡು ಒಳಗೆ ಹೊಸದಾಗಿ ರೂಪಿಸಿದ ಈ ವಸತಿಯಲ್ಲಿ ಸುಮಾರು 150 ಹಾಸಿಗೆಗಳಿವೆ, ದರವೂ ಹೋಟೆಲಿನ ಬಾಡಿಗೆಯ ಸಣ್ಣ ಪಾಲು ಮಾತ್ರ. ಯಾತ್ರಾಪಥ ಅದರ ಬಾಗಿಲ ಮುಂದೆಯೇ ಹಾದುಹೋಗುವುದರಿಂದ ನಸುಕಿನಲ್ಲಿ ಹೊರಟವರು ದಾರಿ ತೋರುವ ಹಳದಿ ಬಾಣದ ಗುರುತು ಹುಡುಕುತ್ತ ಅಲೆಯಬೇಕಾಗಿಲ್ಲ. ಆದರೆ ಇಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ ಮೊದಲ ಹಾಸಿಗೆ. ಕಾಯಿಲೆಯ ಕಾರಣವಿಲ್ಲದೆ ಒಂದು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ರಾತ್ರಿ ಹತ್ತರ ಸುಮಾರಿಗೆ ಬಾಗಿಲು ಮುಚ್ಚುತ್ತದೆ, ಬೆಳಿಗ್ಗೆ ಎಂಟರೊಳಗೆ ಹೊರಡಬೇಕು. ರಾತ್ರಿ ಬಾಗಿಲು ಮುಚ್ಚುವ ನಿಯಮ ಹಳ್ಳಿಯಲ್ಲಿ ಯಾರಿಗೂ ಭಾರವಾಗದು, ನಗರದಲ್ಲಿ ಆಗುತ್ತದೆ, ಏಕೆಂದರೆ ಜೂನ್ ತಿಂಗಳಲ್ಲಿ ಬುರ್ಗೋಸ್‌ನ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ, ಮತ್ತು ಸ್ಪೇನ್‌ನ ಊಟದ ಮನೆಗಳು ರಾತ್ರಿಯೂಟ ಬಡಿಸಲು ತೊಡಗುವುದು ಎಂಟೂವರೆ ಒಂಬತ್ತರ ನಂತರ.

ನಗರಕ್ಕೆ ಯಾತ್ರಿಕರು ಯಾವ ಸ್ಥಿತಿಯಲ್ಲಿ ಬಂದು ಸೇರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆರಂಭದಿಂದ ಹೊರಟವರು ಬುರ್ಗೋಸ್ ಮುಟ್ಟುವುದು ಸಾಮಾನ್ಯವಾಗಿ ಹನ್ನೆರಡು ಹದಿಮೂರು ದಿನಗಳ ನಡಿಗೆಯ ಬಳಿಕ, ಪಾದದ ಬೊಕ್ಕೆಗಳೂ ಮಂಡಿಯ ನೋವೂ ಬಲಿಯುವ ಹೊತ್ತಿಗೆ. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ದಾರಿ ಎರಡಾಗುತ್ತದೆ: ಒಂದು ವಿಯಾಫ್ರಿಯಾದ ಕಾರ್ಖಾನೆ ಪ್ರದೇಶದ ಮೂಲಕ ಹೆದ್ದಾರಿಯ ಮಗ್ಗುಲಲ್ಲಿ ಸಾಗುತ್ತದೆ, ಇನ್ನೊಂದು ಕಸ್ತಾನ್ಯಾರೆಸ್ ಹಳ್ಳಿಯಿಂದ ಅರ್ಲಾನ್ಸೋನ್ ನದಿಯ ದಂಡೆ ಹಿಡಿದು ಮರಗಳ ನೆರಳಿನಲ್ಲಿ ಬರುತ್ತದೆ. ಕಾಲಿನಲ್ಲಿ ಕಸುವಿದ್ದವರು ಎರಡನೆಯದನ್ನೇ ಆರಿಸಿಕೊಳ್ಳುವುದು ಲೇಸು. ಕಾಲು ಸೋತವರು ವಿಯಾಫ್ರಿಯಾದಿಂದ ನಗರ ಬಸ್ ಹತ್ತಿದರೆ ಅದರಿಂದ ಯಾತ್ರೆಗೆ ಕುಂದಿಲ್ಲ, ಏಕೆಂದರೆ ಕಾಂಪೊಸ್ತೆಲಾದಲ್ಲಿ ಕೊಡುವ ಯಾತ್ರಾಪತ್ರಕ್ಕೆ ಕಡ್ಡಾಯವಾಗಿ ನಡೆಯಬೇಕಾದದ್ದು ಕೊನೆಯ 100 ಕಿ.ಮೀ. ಮಾತ್ರ. ಯಾವ ದಾರಿಯಿಂದ ಬಂದರೂ ಮಧ್ಯಾಹ್ನದ ಬಿಸಿಲಿನಲ್ಲಿ ನಗರದೊಳಗೆ ಕೋಣೆ ಹುಡುಕುತ್ತ ಅಲೆಯುವುದು ಅತ್ಯಂತ ದಣಿವಿನ ಕೆಲಸವಾದ್ದರಿಂದ, ಮುಂಗಡ ಕಾಯ್ದಿರಿಸುವುದನ್ನು ತತ್ತ್ವವಾಗಿಯೇ ಒಲ್ಲದವರೂ ನಗರದ ರಾತ್ರಿಯ ಮಟ್ಟಿಗೆ ಆ ನಿಲುವನ್ನು ಸಡಿಲಿಸುವುದರಲ್ಲಿ ತಪ್ಪಿಲ್ಲ.

ಆಲ್ಬೆರ್ಗೆಯ ಪರವಾಗಿ ಹೇಳಬೇಕಾದ ದೊಡ್ಡ ಮಾತು ಅಗ್ಗದ ದರದ್ದಲ್ಲ. ಹಳ್ಳಿಯಲ್ಲಿ ಒಂದೇ ಸಂಜೆ ಒಂದೇ ಮೇಜಿನಲ್ಲಿ ಕೂರುವ ಯಾತ್ರಿಕರು ನಗರಕ್ಕೆ ಬಂದೊಡನೆ ನೂರಾರು ಬೀದಿಗಳಲ್ಲಿ ಚದುರಿಹೋಗುತ್ತಾರೆ, ಹತ್ತು ದಿನ ಜೊತೆಗೆ ನಡೆದವರು ಇಲ್ಲಿ ಒಬ್ಬರನ್ನೊಬ್ಬರು ಕಳೆದುಕೊಳ್ಳುವುದು ಸಾಮಾನ್ಯ, ಮತ್ತು ಒಂಟಿಯಾಗಿ ಹೊರಟವರಿಗೆ ಈ ಸಂಜೆಯ ಏಕಾಂತ ದಾರಿಯ ದಣಿವಿಗಿಂತ ಹೆಚ್ಚು ಕಷ್ಟ ಕೊಡಬಹುದು. ಅಂಥವರಿಗೆ ಗೊರಕೆಯ ಸದ್ದಿನ ನಡುವೆಯೂ ಆಲ್ಬೆರ್ಗೆಯೇ ಸೂಕ್ತ. ಇದಕ್ಕೆ ವಿರುದ್ಧವಾಗಿ ಜ್ವರ ಬಂದವರು, ಕಾಲಿಗೆ ಪೆಟ್ಟಾದವರು, ಎರಡು ವಾರಗಳಿಂದ ನೆಟ್ಟಗೆ ನಿದ್ದೆ ಕಾಣದವರು, ಹಾಸಿಗೆ ಹುಳುವಿನ ಕಾಟಕ್ಕೆ ಸಿಕ್ಕಿ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆಯಬೇಕಾದವರು ಸಂಕೋಚಪಡದೆ ಪ್ರತ್ಯೇಕ ಕೋಣೆ ಹಿಡಿಯಬೇಕು. ಹಾಗೆ ಮಾಡಿದವರು ನಿಜವಾದ ಯಾತ್ರಿಕರಲ್ಲವೆಂಬ ಮಾತು ದಾರಿಯಲ್ಲಿ ಆಗಾಗ ಕೇಳಿಬರುತ್ತದೆಯಾದರೂ ಅದರಲ್ಲಿ ಕರುಣೆಯೂ ಇಲ್ಲ, ವಿವೇಕವೂ ಇಲ್ಲ. ಒಂದು ಪೂರ್ತಿ ದಿನ ವಿಶ್ರಮಿಸಬಯಸುವವರಿಗಂತೂ ಒಂದೇ ರಾತ್ರಿಯ ನಿಯಮದಿಂದಾಗಿ ಬೇರೆ ದಾರಿಯಿಲ್ಲ. ಪೆನ್ಸಿಯೋನ್ ಮತ್ತು ಒಸ್ತಾಲ್ ಎಂದು ಕರೆಯಲಾಗುವ, ಮನೆಮಂದಿಯೇ ನಡೆಸುವ ಸಣ್ಣ ವಸತಿಗೃಹಗಳು ಇಂಥ ಸಂದರ್ಭಕ್ಕೆ ಹೇಳಿ ಮಾಡಿಸಿದವು.

ಕೋಣೆ ಹಿಡಿಯುವಾಗ ನಕ್ಷೆಯಲ್ಲಿ ಕ್ಯಾಥೆಡ್ರಲ್‌ಗೆ ಎಷ್ಟು ಹತ್ತಿರವೆಂದು ಮಾತ್ರ ನೋಡುವುದು ಸಾಲದು. ಕ್ಯಾಥೆಡ್ರಲ್‌ನ ಹಿಂದಿನ ಲಾಸ್ ಯಾನಾಸ್ ಎಂಬ ಚೌಕಗಳ ಸುತ್ತ ಮದ್ಯದಂಗಡಿಗಳು ದಟ್ಟವಾಗಿದ್ದು, ಶುಕ್ರವಾರ ಶನಿವಾರಗಳಂದು ಅಲ್ಲಿನ ಗದ್ದಲ ತಡರಾತ್ರಿಯವರೆಗೂ ಇಳಿಯುವುದಿಲ್ಲ. ದಾರಿಯನ್ನು ಕಂತುಕಂತಾಗಿ ನಡೆಯುತ್ತ, ರಜೆ ಮುಗಿಸಿ ಬುರ್ಗೋಸ್‌ನಿಂದಲೇ ಹಿಂತಿರುಗುವ ಯುರೋಪಿಯನ್ನರು ಅನೇಕರಿದ್ದು, ಅಂಥವರು ನದಿಯ ದಕ್ಷಿಣ ದಂಡೆಯಲ್ಲಿ, ಸಾಂತಾ ಮರಿಯಾ ಕಮಾನಿನ ಎದುರು ದಂಡೆಗೆ ಸಮೀಪವಿರುವ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಉಳಿದರೆ ಒಳ್ಳೆಯದು. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ಆಚೆಗಿದೆ. ಹಬ್ಬದ ದಿನಗಳನ್ನೂ ಮೊದಲೇ ನೋಡಿಕೊಳ್ಳಬೇಕು: ಬುರ್ಗೋಸ್‌ನಲ್ಲಿ ಜೂನ್ 29ರ ಸಂತ ಪೇತ್ರ ಪೌಲರ ಹಬ್ಬದ ಸುತ್ತ, ಲೊಗ್ರೋನ್ಯೊದಲ್ಲಿ ಸೆಪ್ಟೆಂಬರ್ 21ರ ಸಂತ ಮತ್ತಾಯನ ಹಬ್ಬದ ಸುತ್ತ, ಎಲ್ಲಕ್ಕಿಂತ ಮಿಗಿಲಾಗಿ ಪಾಂಪ್ಲೋನಾದಲ್ಲಿ ಗೂಳಿಗಳನ್ನು ಬೀದಿಯಲ್ಲಿ ಓಡಿಸುವ ಜುಲೈ 6ರಿಂದ 14ರ ಸಾನ್ ಫೆರ್ಮಿನ್ ಉತ್ಸವದಲ್ಲಿ ಕೋಣೆಗಳು ಸಿಗುವುದೇ ದುರ್ಲಭ, ಸಿಕ್ಕರೂ ದರ ಹಲವು ಪಟ್ಟು ಏರಿರುತ್ತದೆ.

ಕರ್ನಾಟಕದಿಂದ ಹೋಗುವವರಿಗೆ ಇನ್ನೆರಡು ವಿಚಾರಗಳು ಸೇರಿಕೊಳ್ಳುತ್ತವೆ. ಷೆಂಗೆನ್ ವೀಸಾದ ಅರ್ಜಿಯೊಂದಿಗೆ ವಸತಿಯ ದಾಖಲೆ ಕೊಡಬೇಕಾಗುತ್ತದೆ, ಆದರೆ ನಗರಸಭೆಯ ಆಲ್ಬೆರ್ಗೆಗಳು ಮುಂಗಡ ಪತ್ರ ಕೊಡುವುದಿಲ್ಲ. ಹೀಗಾಗಿ ಕಾಯ್ದಿರಿಸಲು ಬರುವ ನಗರದ ಕೋಣೆಗಳು ಮತ್ತು ಖಾಸಗಿ ಆಲ್ಬೆರ್ಗೆಗಳೇ ಅರ್ಜಿಗೆ ಆಧಾರವಾಗುತ್ತವೆ, ಮತ್ತು ನಗರವನ್ನು ಯಾವ ದಿನ ತಲುಪಬೇಕೆಂಬುದನ್ನು ಊರು ಬಿಡುವ ಮೊದಲೇ ಯೋಚಿಸಿಡಬೇಕಾಗುತ್ತದೆ. ಎರಡನೆಯದು ಆಹಾರ. ಅನ್ನ ಮತ್ತು ಹಂದಿಯ ರಕ್ತ ಸೇರಿಸಿ ಮಾಡುವ ಮೊರ್ಸಿಯಾ ಎಂಬ ಸಾಸೇಜಿಗೆ ಹೆಸರಾದ ಈ ಊರಿನಲ್ಲಿ ತರಕಾರಿ ಖಾದ್ಯವೆಂದು ಬಡಿಸಿದ್ದರಲ್ಲಿಯೂ ಹಂದಿಮಾಂಸದ ಚೂರುಗಳಿರುವುದುಂಟು, ಆದ್ದರಿಂದ ಸಸ್ಯಾಹಾರಿಗಳು ಒಲೆಯಿರುವ ಅಡುಗೆಮನೆಯನ್ನು ಕೇಳಿಕೊಂಡೇ ವಸತಿ ಗೊತ್ತುಮಾಡಬೇಕು. ಅಡುಗೆಮನೆ ಎಂದು ಬರೆದಿರುವ ಕಡೆ ಕೆಲವೊಮ್ಮೆ ಮೈಕ್ರೊವೇವ್ ಒಂದೇ ಇರುತ್ತದೆ. ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಶನಿವಾರವೇ ಅಕ್ಕಿ ಬೇಳೆ ಕೊಂಡಿಟ್ಟುಕೊಳ್ಳಬೇಕು.

ನಗರದಲ್ಲಿ ಉಳಿಯದೆಯೇ ಮುಂದೆ ಸಾಗುವುದೂ ಒಂದು ಆಯ್ಕೆ. ಬುರ್ಗೋಸ್ ದಾಟಿ ಸುಮಾರು 10 ಕಿ.ಮೀ. ನಡೆದರೆ ತಾರ್ದಾಖೋಸ್, ಅಷ್ಟೇ ದೂರ ಇನ್ನೂ ಹೋದರೆ ಓರ್ನಿಯೋಸ್ ಎಂಬ ಹಳ್ಳಿಗಳಿದ್ದು, ಎರಡರಲ್ಲೂ ಆಲ್ಬೆರ್ಗೆಗಳಿವೆ. ಅಲ್ಲಿಂದಾಚೆ ಲಿಯೋನ್‌ವರೆಗೆ ಮೆಸೆತಾ ಎಂಬ ಬಯಲು ಪ್ರಸ್ಥಭೂಮಿ, ಮರದ ನೆರಳೇ ವಿರಳವಾದ ಗೋಧಿ ಹೊಲಗಳ ನಾಡು, ಹಬ್ಬಿಕೊಂಡಿದೆ. ಹಿಂದಿನ ರಾತ್ರಿ ನಗರಕ್ಕೆ ಹತ್ತಿರದ ಹಳ್ಳಿಯಲ್ಲಿ ಮಲಗಿ, ಬೆಳಿಗ್ಗೆ ಬೇಗ ಬುರ್ಗೋಸ್ ಸೇರಿ, ಕ್ರೆಡೆನ್ಸಿಯಲ್ ತೋರಿಸಿದವರಿಗೆ ರಿಯಾಯಿತಿ ದರದ ಪ್ರವೇಶವಿರುವ ಕ್ಯಾಥೆಡ್ರಲನ್ನು ಮಧ್ಯಾಹ್ನದವರೆಗೆ ನೋಡಿ, ಸಂಜೆಗೆ ತಾರ್ದಾಖೋಸ್ ಮುಟ್ಟುವವರು ನಗರದ ಗದ್ದಲ ಮತ್ತು ಖರ್ಚು ಎರಡರಿಂದಲೂ ಪಾರಾಗುತ್ತಾರೆ, ಜೊತೆಗೆ ಮರುದಿನ ಬಿಸಿಲೇರುವ ಮೊದಲು ಮೆಸೆತಾದೊಳಗೆ ಅಷ್ಟು ದೂರ ಮುಂದಿರುತ್ತಾರೆ. ಕ್ಯಾಥೆಡ್ರಲ್‌ನ ಪ್ರಾರ್ಥನಾ ಮಂದಿರಗಳನ್ನು ಸಾವಕಾಶವಾಗಿ ನೋಡಬೇಕೆನ್ನುವವರಿಗೆ, ಒಸ್ಪಿತಾಲ್ ದೆಲ್ ರೇ ಮತ್ತು ಅದರ ನೆರೆಯ ಲಾಸ್ ಉಯೆಲ್ಗಾಸ್ ಸಂನ್ಯಾಸಿನಿಯರ ಮಠಕ್ಕೂ ಹೋಗಬೇಕೆನ್ನುವವರಿಗೆ ಮಾತ್ರ ಆ ಅರ್ಧ ದಿನ ಸಾಲದು, ಅವರು ಬುರ್ಗೋಸ್‌ನಲ್ಲಿ ಎರಡು ರಾತ್ರಿಗಳನ್ನು ತೆಗೆದಿಡಬೇಕು.