ಗ್ರೀನ್ ಕಾರ್ಡ್ ಮೊದಲೋ, ಮದುವೆ ಮೊದಲೋ?

ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಮಾಡ್ತಾ, ಅಮೆರಿಕದಲ್ಲಿರೋ ಸಂಗಾತಿ ಹತ್ರ ಹೋಗೋಕೆ ಕಾಯ್ತಿರೋರು ಕೇಳೋದು ಒಂದೇ: "ಇನ್ನೂ ಎಷ್ಟು ದಿನ?" ಅದಕ್ಕೂ ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಅಂತ ತಿಳ್ಕೊಳ್ಳಿ.

ಸಂಗಾತಿ ಅಮೆರಿಕದ ಪ್ರಜೆಯಾಗಿದ್ದರೆ ವೀಸಾಗೆ ವಾರ್ಷಿಕ ಮಿತಿ ಇಲ್ಲ. ಐ-130 ಅರ್ಜಿ ಅಪ್ರೂವ್ ಆದ್ಮೇಲೆ ದಾಖಲೆ, ಸಂದರ್ಶನ, ಅಷ್ಟೆ. ಬರೀ ಗ್ರೀನ್ ಕಾರ್ಡ್ ಇದ್ದರೆ ನಿಮ್ಮದು ಎಫ್‌2ಎ ವರ್ಗ, ಅಲ್ಲಿ ಮಿತಿ ಇದೆ. ಐ-130 ಸಲ್ಲಿಕೆಯಾದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ವೀಸಾ ಬುಲೆಟಿನ್ ಪ್ರತಿ ತಿಂಗಳೂ ಬರುತ್ತೆ; ಅದರಲ್ಲಿರೋ ದಿನಾಂಕ ನಿಮ್ಮ ದಿನಾಂಕವನ್ನು ದಾಟೋವರೆಗೂ ವೀಸಾ ಸಿಗಲ್ಲ. ಹಾಗಾಗಿ ಅಪ್ರೂವಲ್ ನೋಟಿಸ್ ನೋಡಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಕಾಯ್ತಿರುವಾಗಲೇ ಸಂಗಾತಿ ಪ್ರಜೆಯಾದರೆ ಹೊಸ ಅರ್ಜಿ ಬೇಡ. ಪೌರತ್ವದ ಪ್ರಮಾಣಪತ್ರದ ಪ್ರತಿ ಕಳಿಸಿದರೆ ಹಳೇ ಅರ್ಜಿಯೇ ಮಿತಿಯಿಲ್ಲದ ಸಾಲಿಗೆ ಸೇರುತ್ತೆ.

ಇನ್ನೂ ಮದುವೆ ಆಗದವರು ಇದನ್ನ ಗಮನಿಸಿ. ಎಚ್‌-1ಬಿಯಲ್ಲಿದ್ದಾಗ ಮದುವೆಯಾದರೆ ಸಂಗಾತಿಗೆ ಎಚ್‌-4 ಕೇಳಬಹುದು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಸಿಗೋ ಮುಂಚೆ ಮದುವೆಯಾಗಿದ್ದರೆ ಐ-130 ಇಲ್ಲದೆಯೇ 'ಫಾಲೋ ಟು ಜಾಯಿನ್' ದಾರಿಯಲ್ಲಿ ಕರೆಸಿಕೊಳ್ಳಬಹುದು. ಗ್ರೀನ್ ಕಾರ್ಡ್ ಬಂದ ಮರುದಿನ ತಾಳಿ ಕಟ್ಟಿದರೂ ಈ ಎರಡು ದಾರಿಯೂ ಮುಚ್ಚುತ್ತವೆ, ಉಳಿಯೋದು ಎಫ್‌2ಎ.

ಆದ್ದರಿಂದ ಮುಹೂರ್ತ ಇಡುವಾಗ ಪಂಚಾಂಗದ ಜೊತೆಗೆ ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ ಅಂತಾನೂ ನೋಡಿ. ಮದುವೆಯಾದ ಕೂಡಲೇ ನೋಂದಣಿ ಮಾಡಿಸಿ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ ಎರಡರಲ್ಲೂ ಹೆಸರು ಒಂದೇ ಥರ ಇರಲಿ.